ವೈಸ್ ಕೊಳ್ಳುವಾಗ ಬಣ್ಣ ನೋಡಬೇಡಿ, ಭಾರ ನೋಡಿ

ಮೊನ್ನೆ ಊಟದ ಹೊತ್ತಿಗೆ ನಮ್ಮ ಶಾಖೆಯ ದಾವಣಗೆರೆ ಹುಡುಗ ಮೊಬೈಲ್ ಹಿಡಿದುಕೊಂಡು ಬಂದ. "ಸರ್, ನಾಲ್ಕಿಂಚಿನ ಬೆಂಚ್ ವೈಸ್, ತಿರುಗೋ ಬೇಸ್ ಇದೆ, ಹೆವಿ ಡ್ಯೂಟಿ ಅಂತ ಬರೆದಿದ್ದಾರೆ, ಬರೀ ಸಾವಿರದ ನಾನೂರು. ತಗೊಂಡುಬಿಡ್ಲಾ?" ಅಂದ. ಠಾಣೆಯಲ್ಲಿ ಹೊಸದಾಗಿ ಫ್ಲ್ಯಾಟ್ ತಗೊಂಡಿದ್ದಾನೆ. ಬಾಲ್ಕನಿಯ ಮೂಲೆಯಲ್ಲಿ ಒಂದು ಪುಟ್ಟ ವರ್ಕ್‌ಶಾಪ್ ಮಾಡಿಕೊಳ್ಳುವ ಹುಮ್ಮಸ್ಸು. ಫೋಟೋದಲ್ಲಿ ವೈಸ್ ನೀಲಿ ಬಣ್ಣದಲ್ಲಿ ಮದುಮಗನ ಹಾಗೆ ಮಿಂಚುತ್ತಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ: "ತೂಕ ಎಷ್ಟು ಅಂತ ಬರೆದಿದ್ದಾರೆ?" ಹುಡುಕಿದ. ನಾಲ್ಕೂವರೆ ಕೆಜಿ.

"ಬೇಡಪ್ಪಾ" ಅಂದೆ.

"ಮನೆಗೆ ತಾನೇ ಸರ್, ಅಷ್ಟು ಸಾಲದಾ?" ಅಂದ. ಈ "ಮನೆಗೆ ತಾನೇ" ಅನ್ನುವ ಮಾತಿನ ಮೇಲೆ ನನಗೆ ಹಳೇ ಸಿಟ್ಟಿದೆ. ಅದನ್ನು ಅವನಿಗೆ ಊಟದ ಅರ್ಧ ಗಂಟೆಯಲ್ಲಿ ಪೂರ್ತಿ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಬಿಕಾಂ ಓದಿದವನು, ಐಟಿಐ ಮೆಟ್ಟಿಲು ಹತ್ತಿದವನಲ್ಲ. ಆದರೆ ಮಿಕ್ಸರ್ ಜಾರಿನ ಕೆಳಗಿನ ಕಪ್ಲರ್ ಬದಲಾಯಿಸುವುದು, ಬೀಗದ ಕೈ ಅರದಿಂದ ಉಜ್ಜಿ ಕೂರಿಸುವುದು, ಸೈಕಲ್, ನಲ್ಲಿ, ಕಿಟಕಿಯ ಕೊಂಡಿ... ಇಂಥದ್ದೆಲ್ಲ ಮೊದಲಿನಿಂದಲೂ ಹುಚ್ಚು. ದಿನವಿಡೀ ಲೆಡ್ಜರು, ಎನ್‌ಪಿಎ ಅಂತ ತಲೆ ತಿಂದುಕೊಂಡವನಿಗೆ ಸಂಜೆ ಕೈಯಲ್ಲಿ ಏನಾದರೂ ಗಟ್ಟಿ ವಸ್ತು ಬೇಕು ಅನ್ನಿಸುತ್ತದೆ. ಮನೆಗೆಲಸದಲ್ಲಿ ಎರಡು ಕೈ ಸಾಲುವುದಿಲ್ಲ. ಮೂರನೇ ಕೈಯೇ ವೈಸ್. ಅದು ಸರಿಯಾಗಿ ಹಿಡಿದುಕೊಂಡರೆ ಗರಗಸ ನೆಟ್ಟಗೆ ಹೋಗುತ್ತದೆ, ಅರ ಅಲುಗಾಡುವುದಿಲ್ಲ, ಬೆರಳು ಉಳಿಯುತ್ತದೆ.

ಮುಂಬಯಿಗೆ ಬಂದದ್ದು 1995ರಲ್ಲಿ. ಮೂರು ವರ್ಷ ಇದ್ದು ವರ್ಗ ಮಾಡಿಸಿಕೊಂಡು ಹುಬ್ಬಳ್ಳಿ ಕಡೆ ಹೋಗುವುದು ಅಂತ ಲೆಕ್ಕ. ಆ ಲೆಕ್ಕದ ಮೇಲೆಯೇ ಮನೆಗೆ ಎಲ್ಲವನ್ನೂ ತಗೊಂಡೆವು. ಮಡಚುವ ಮಂಚ, ಪ್ಲಾಸ್ಟಿಕ್ ಕುರ್ಚಿ, ಬಿಚ್ಚಿ ಕಟ್ಟುವ ಕಪಾಟು. ಎಲ್ಲವೂ ಟೆಂಪೋಗೆ ಏರಿಸಲು ಸುಲಭವಾಗಿರಬೇಕು! ವೈಸ್ ಕೂಡ ಹಾಗೇ. ಮೊದಲು ಮೇಜಿನ ಅಂಚಿಗೆ ಕಚ್ಚಿಸುವ ಪುಟಾಣಿ ವೈಸ್, 450 ರೂಪಾಯಿ. ಒಂದು ವರ್ಷಕ್ಕೆ ಅದರ ಸ್ಕ್ರೂ ಥ್ರೆಡ್ ಸವೆದು ಜಾರತೊಡಗಿತು. ಆಮೇಲೆ ಮೂರಿಂಚಿನದ್ದು, 1,100 ರೂಪಾಯಿ. ಅದು ಎರಡು ವರ್ಷ ನಡೆಯಿತು.

ಎರಡನೆಯದು ಹೋದದ್ದು 2011ರ ಮಳೆಗಾಲದಲ್ಲಿ. ನೀರಿನ ಪಂಪಿನ ಬೇರಿಂಗ್ ಕೂರಿಸುತ್ತಿದ್ದೆ. ವೈಸ್ ದವಡೆಗಳ ನಡುವೆ ಇಟ್ಟು ಒತ್ತಿ ಕೂರಿಸುವುದು ಎಲ್ಲರೂ ಮಾಡುವ ಉಪಾಯ. ಹಿಡಿಕೆ ತಿರುಗಲಿಲ್ಲ. ಹಿಡಿಕೆಗೆ ಒಂದು ಮೊಳ ಉದ್ದದ ಜಿಐ ಪೈಪ್ ತೂರಿಸಿ ಎರಡೂ ಕೈಯಿಂದ ಎಳೆದೆ. ಠಣ್ ಅಂತಲೂ ಅಲ್ಲ, ಟಪ್ ಅಂತ ಒಂದು ಸದ್ದು, ಅಷ್ಟೇ. ಮುಂದಿನ ದವಡೆ ಬಿಸ್ಕತ್ತಿನ ಹಾಗೆ ಮುರಿದು ನನ್ನ ಎಡಗಾಲಿನ ಮೇಲೆ ಬಿತ್ತು. ಹೆಬ್ಬೆರಳಿನ ಉಗುರು ಹೋಯಿತು. ಅದು ಹೋದರೆ ಹೋಗಲಿ, ಮತ್ತೆ ಬಂತು. ಆದರೆ ಆಗ ಎಂಟು ವರ್ಷದ ನನ್ನ ಮಗಳು ಒಂದು ಗೇಣು ದೂರದಲ್ಲಿ ಟಾರ್ಚ್ ಹಿಡಿದು ನಿಂತಿದ್ದಳು. ಅವಳ ಮುಖ ವೈಸಿನ ಎತ್ತರಕ್ಕೇ ಇತ್ತು. ಆ ಚೂರು ಕೆಳಗೆ ಬೀಳುವ ಬದಲು ಪಕ್ಕಕ್ಕೆ ಚಿಮ್ಮಿದ್ದರೆ... ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ಭಾನುವಾರ ಮುರಿದ ಚೂರನ್ನು ನಮ್ಮ ಬಿಲ್ಡಿಂಗಿನ ಕಾಕಾ ಅವರಿಗೆ ತೋರಿಸಿದೆ. ಬೆಳಗಾವಿಯ ಉದ್ಯಮಬಾಗಿನ ಫೌಂಡ್ರಿಯೊಂದರಲ್ಲಿ ಕೆಲಸ ಕಲಿತು, ಆಮೇಲೆ ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಚೂರನ್ನು ಬೆಳಕಿಗೆ ಹಿಡಿದು ನೋಡಿ, "ಸಾಹೇಬ್ರ, ಇದು ಬರೇ ಬೀಡು. ಬಗ್ಗೂದು ಇದರ ಜಾಯಮಾನದಾಗ ಇಲ್ಲ. ಒಡೆಯೂದು ಒಂದ ಗೊತ್ತು. ತಪ್ಪು ಅರ್ಧಾ ಅದರದು, ಅರ್ಧಾ ನಿಮ್ಮದು" ಅಂದರು.

ಆ ಎರಡು ಅರ್ಧಗಳನ್ನೂ ಬಿಡಿಸಿ ಹೇಳಬೇಕು.

ಮೊದಲನೆಯದು ವಸ್ತುವಿನ ಅರ್ಧ. ಸಾಧಾರಣ ಬೀಡು ಕಬ್ಬಿಣದಲ್ಲಿ ಇಂಗಾಲ ಸಣ್ಣ ಸಣ್ಣ ಹಾಳೆಗಳ ಹಾಗೆ ಒಳಗೆಲ್ಲ ಹರಡಿಕೊಂಡಿರುತ್ತದೆ. ಒಂದೊಂದು ಹಾಳೆಯ ಅಂಚೂ ಒಂದೊಂದು ಬಿರುಕಿನ ಮೊಳಕೆ. ಅದಕ್ಕೇ ಬೀಡು ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ವೈಸ್ ಬಿಗಿ ಮಾಡಿದಾಗ ದವಡೆಗಳು ಹಿಂದಕ್ಕೆ ಬಾಗಲು ನೋಡುತ್ತವೆ, ಅಂದರೆ ಅವುಗಳ ಬುಡಕ್ಕೆ ಬೀಳುವುದು ಎಳೆತವೇ. 1940ರ ದಶಕದಲ್ಲಿ ಕಂಡುಕೊಂಡ ಎಸ್‌ಜಿ ಐರನ್ ಎನ್ನುವ ಬೀಡಿನಲ್ಲಿ ಸ್ವಲ್ಪ ಮೆಗ್ನೀಸಿಯಮ್ ಸೇರಿಸಿ ಆ ಇಂಗಾಲವನ್ನು ಹಾಳೆಯ ಬದಲು ಗುಂಡು ಗುಂಡಾಗಿ ಮಾಡುತ್ತಾರೆ. ಗುಂಡಿಗೆ ಚೂಪು ಅಂಚಿಲ್ಲ, ಬಿರುಕು ಸುಲಭಕ್ಕೆ ಓಡುವುದಿಲ್ಲ. ಹೊರೆ ಅತಿಯಾದರೆ ಅದು ಮೊದಲು ಸ್ವಲ್ಪ ಬಾಗುತ್ತದೆ, ಆಮೇಲೆ ಮುರಿಯುತ್ತದೆ. ಅಂದರೆ ಮುನ್ಸೂಚನೆ ಕೊಡುತ್ತದೆ. ಅದಕ್ಕಿಂತಲೂ ಮೇಲು ಬಡಿದು ಮಾಡಿದ ಉಕ್ಕಿನ ವೈಸ್. ಆದರೆ ಅದರ ಬೆಲೆ ಕೇಳಿದರೆ ನಮ್ಮಂಥ ಬಾಲ್ಕನಿ ಫಿಟ್ಟರುಗಳಿಗೆ ತಲೆ ತಿರುಗುತ್ತದೆ. ಮನೆಗೆ ಎಸ್‌ಜಿ ಐರನ್ ಸಾಕು.

ಇನ್ನು ನನ್ನ ಅರ್ಧ. ಇದಕ್ಕೆ ಬಿಕಾಂ ಲೆಕ್ಕವೇ ಸಾಕು. ಹಿಡಿಕೆಯ ನಡುವಿನಿಂದ ಕೈ ಹಿಡಿಯುವ ಜಾಗಕ್ಕೆ 200 ಮಿಮೀ ಅಂದುಕೊಳ್ಳಿ. ಒಂದು ಸುತ್ತಿಗೆ ಕೈ ಸುಮಾರು 1,256 ಮಿಮೀ ಓಡುತ್ತದೆ. ಅಷ್ಟಕ್ಕೆ ದವಡೆ ಮುಂದೆ ಹೋಗುವುದು ಸ್ಕ್ರೂವಿನ ಒಂದು ಥ್ರೆಡ್, ಸುಮಾರು 5 ಮಿಮೀ. ಅಂದರೆ ನಿಮ್ಮ ಬಲ 251 ಪಟ್ಟು. ಅದರಲ್ಲಿ ಮುಕ್ಕಾಲು ಪಾಲು ಘರ್ಷಣೆಗೇ ಹೋಯಿತು ಅಂತ ಹಿಡಿಯೋಣ. ಒಂದು ಕೈಯಲ್ಲಿ 15 ಕೆಜಿ ಬಲ ಹಾಕಿದರೂ ದವಡೆಯಲ್ಲಿ 940 ಕೆಜಿ, ಹತ್ತಿರ ಹತ್ತಿರ ಒಂದು ಟನ್! ಈಗ ಪೈಪ್ ಹಾಕಿ ಹಿಡಿಕೆಯನ್ನು ಎರಡರಷ್ಟು ಉದ್ದ ಮಾಡಿ, ಎರಡೂ ಕೈಯಿಂದ 40 ಕೆಜಿ ಎಳೆಯಿರಿ. ಐದು ಟನ್. ನಾನು ಮೂರಿಂಚಿನ ಬಡಪಾಯಿ ಬೀಡಿನ ಮೇಲೆ ಹಾಕಿದ ಸಾಲ ಅದು. ಯಾವ ಬ್ಯಾಂಕೂ ಅಂಥ ಸಾಲ ಕೊಡುವುದಿಲ್ಲ.

ಹಿಡಿಕೆಯ ಉದ್ದವನ್ನು ತಯಾರಿಸಿದವನು ಸುಮ್ಮನೆ ಇಟ್ಟಿರುವುದಿಲ್ಲ. ಅದೇ ಆ ವೈಸಿನ ಕ್ರೆಡಿಟ್ ಲಿಮಿಟ್. ಕೈಬಲ ಸಾಲದು ಅನ್ನಿಸಿದರೆ ಪೈಪ್ ಹಾಕಬಾರದು, ದೊಡ್ಡ ವೈಸ್ ತರಬೇಕು. ಎಸ್‌ಜಿ ಐರನ್ ಇದ್ದರೂ ಇದೇ ಮಾತು.

ಕಾಲಿನ ಗಾಯ ಆರಿದ ಮೇಲೆ ಒಂದು ಶನಿವಾರ, ಆಗ ಬ್ಯಾಂಕಿಗೆ ಶನಿವಾರ ಅರ್ಧ ದಿನ, ಕಾಕಾ ಅವರನ್ನು ಕರೆದುಕೊಂಡು ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ನಾಗದೇವಿ ಸ್ಟ್ರೀಟಿಗೆ ಹೋದೆ. ಮುಂಬಯಿಯಲ್ಲಿ ಉಪಕರಣದ ಹುಚ್ಚು ಇರುವವರಿಗೆ ಅದು ಕಾಶಿ. ಕಾಕಾ ಅಲ್ಲಿ ವೈಸ್ ನೋಡಿದ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ನಮ್ಮ ಹಿರಿಯರು ಎತ್ತು ಕೊಳ್ಳುವಾಗ ಹಲ್ಲು, ಗೊರಸು ನೋಡುತ್ತಿದ್ದರಲ್ಲ, ಹಾಗೆ. ಅವರು ನೋಡಿದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಒಂದು, ಎತ್ತಿ ನೋಡಿದರು. ದವಡೆಯ ಅಗಲ ನಾಲ್ಕಿಂಚು, ಅಂದರೆ 100 ಮಿಮೀ, ಇರುವ ವೈಸ್ ಒಂಬತ್ತು ಹತ್ತು ಕೆಜಿಯಾದರೂ ತೂಗಬೇಕು. ತೂಕ ಕಡಿಮೆ ಅಂದರೆ ಎಲ್ಲೋ ಗೋಡೆ ತೆಳ್ಳಗೆ ಮಾಡಿದ್ದಾರೆ ಅಂತಲೇ ಅರ್ಥ.

ಎರಡು, ತಲೆಕೆಳಗು ಮಾಡಿ ತಳ ನೋಡಿದರು. ಮೇಲೆ ಲಪ್ಪ ಹಚ್ಚಿ ಬಣ್ಣ ಬಳಿದು ಎರಕದ ತೂತುಗಳನ್ನು ಮುಚ್ಚಿರುತ್ತಾರೆ. ತಳಕ್ಕೆ ಯಾರೂ ಅಷ್ಟು ಶ್ರಮಪಡುವುದಿಲ್ಲ. ನಿಜವಾದ ಬಂಡವಾಳ ಅಲ್ಲಿ ಕಾಣುತ್ತದೆ. ಸಾಲ ಕೇಳಲು ಬಂದವರ ಅಂಗಡಿಯ ಮುಂಭಾಗಕ್ಕಿಂತ ಹಿಂದಿನ ಗೋದಾಮು ನೋಡು ಅಂತ ನನ್ನ ಮೊದಲ ಮ್ಯಾನೇಜರ್ ಹೇಳುತ್ತಿದ್ದರು. ಅದೇ ನೆನಪಾಯಿತು.

ಮೂರು, ದವಡೆಯನ್ನು ಪೂರ್ತಿ ತೆರೆದು ಮುಂದಿನ ಭಾಗವನ್ನು ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರು. ಒಂದಿಷ್ಟು ಸಡಿಲ ಇದ್ದೇ ಇರುತ್ತದೆ, ಇಲ್ಲದಿದ್ದರೆ ಜಾರುವುದೇ ಇಲ್ಲ. ಆದರೆ ಲೊಡಲೊಡ ಅನ್ನಬಾರದು. ಹಾಗಂದರೆ ಹಿಡಿದ ವಸ್ತು ಬಿಗಿ ಮಾಡುವಾಗ ಮೇಲಕ್ಕೇಳುತ್ತದೆ.

ನಾಲ್ಕು, ದವಡೆ ಮುಚ್ಚಿ ಟ್ಯೂಬ್‌ಲೈಟಿನ ಎದುರು ಹಿಡಿಸಿ ಸಂದಿಯಲ್ಲಿ ಬೆಳಕು ನೋಡಿದರು. ಆಮೇಲೆ ಎರಡು ತುದಿಗೂ ಒಂದೊಂದು ಕಾಗದದ ಚೂರು ಇಟ್ಟು ಮೆತ್ತಗೆ ಬಿಗಿದು ಎರಡನ್ನೂ ಎಳೆದರು. ಎರಡೂ ಸಮನಾಗಿ ಹಿಡಿದಿರಬೇಕು. ಒಂದು ಜಾರಿ ಬಂದರೆ ದವಡೆ ಸೊಟ್ಟ.

ಐದು, ಸ್ಕ್ರೂ ಪೂರ್ತಿ ಬಿಚ್ಚಿಸಿದರು. ಅಂಗಡಿಯವನು ಮುಖ ಸಿಂಡರಿಸಿದ. ಥ್ರೆಡ್ ಚೌಕ ಇಲ್ಲವೇ ಮೇಲೆ ಕೊಂಚ ಕಿರಿದಾದ ದಪ್ಪ ಹಲ್ಲಿನದಾಗಿರಬೇಕು, ಸಾಧಾರಣ ಬೋಲ್ಟಿನ ಹಾಗೆ ಚೂಪಾಗಿರಬಾರದು. ಒಳಗಿನ ನಟ್ ಬೇರೆಯದೇ ತುಂಡಾಗಿದ್ದರೆ ಒಳ್ಳೆಯದು. ಸವೆದರೆ ಅದೊಂದನ್ನೇ ಬದಲಾಯಿಸಬಹುದು. ದವಡೆಯ ಮುಖಕ್ಕೆ ಹಾಕುವ ಗೀರು ಗೀರಿನ ಉಕ್ಕಿನ ಪಟ್ಟಿಗಳೂ ಸ್ಕ್ರೂ ಹಾಕಿ ಕೂರಿಸಿದವಾಗಿರಬೇಕು. ಬದಲಾಯಿಸಲು ಆಗುವುದೇ ಬಾಳಿಕೆ ಬರುವುದು, ಇದು ಯಾವ ಯಂತ್ರಕ್ಕಾದರೂ ಸರಿ.

ಕೊನೆಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿದರು. ಬೀಡು ಮಂಕಾಗಿ ಡಬ್ ಅನ್ನುತ್ತದೆ, ಎಸ್‌ಜಿ ಐರನ್ ಗಂಟೆಯ ಕಡೆಗೆ ವಾಲುತ್ತದೆ. ಇದು ಪಳಗಿದ ಕಿವಿಯ ಕೆಲಸ. ನೀವು ನಾನು ಮಾಡಬೇಕಾದ್ದು ಇಷ್ಟೇ: ಪೆಟ್ಟಿಗೆಯ ಮೇಲೆ ಎಸ್‌ಜಿ ಐರನ್ ಅಂತ ಬರೆದಿದೆಯೇ, ಬೆಂಚ್ ವೈಸಿಗೆಂದೇ ಇರುವ ಭಾರತೀಯ ಮಾನಕ ಐಎಸ್ 2586ರ ಉಲ್ಲೇಖ ಇದೆಯೇ ನೋಡುವುದು. "ಹೆವಿ ಡ್ಯೂಟಿ" ಅನ್ನುವ ಮಾತಿಗೆ ಮಾತ್ರ ಕಿವಿಗೊಡಬೇಡಿ. ಯಾರು ಬೇಕಾದರೂ ಬರೆದುಕೊಳ್ಳಬಹುದು.

ತಿರುಗುವ ಬೇಸ್ ಬೇಕೇ? ನನ್ನ ಅಭಿಪ್ರಾಯ, ಬೇಡ. ಒಂದೇ ದುಡ್ಡಿಗೆ ಎರಡು ವೈಸ್ ಇದ್ದರೆ ತಿರುಗುವ ವೈಸಿನಲ್ಲಿ ಆ ದುಡ್ಡಿನ ಒಂದು ಪಾಲು ತಿರುಗಣಿಗೆ ಹೋಗಿರುತ್ತದೆ, ಅಷ್ಟು ಕಬ್ಬಿಣ ದವಡೆಯಲ್ಲಿ ಕಡಿಮೆ. ಜೊತೆಗೆ ಅಲುಗಾಡುವ ಜಾಗ ಇನ್ನೊಂದು ಹೆಚ್ಚು. ಹದಿನಾಲ್ಕು ವರ್ಷದಲ್ಲಿ ನನಗೆ ತಿರುಗಿಸಬೇಕು ಅನ್ನಿಸಿದ್ದು ಬೆರಳೆಣಿಕೆಯಷ್ಟು ಸಲ. ಆಗ ನಾನೇ ಪಕ್ಕಕ್ಕೆ ತಿರುಗಿ ನಿಂತೆ!

ಹಳೆಯದು ಕೊಂಡರೆ ಹೇಗೆ ಅಂತ ಕೇಳುವವರಿದ್ದಾರೆ. ಚೋರ್ ಬಜಾರಿನಲ್ಲಿ, ಕುರ್ಲಾದ ಗುಜರಿಗಳಲ್ಲಿ ಅದೃಷ್ಟವಿದ್ದರೆ ಒಳ್ಳೆಯ ಹಳೇ ವೈಸ್ ಸಿಗುತ್ತದೆ. 1982ರ ಮುಷ್ಕರದ ನಂತರ ಒಂದೊಂದಾಗಿ ಬಾಗಿಲು ಮುಚ್ಚಿದ ಗಿರಣಿಗಳು, ಆಮೇಲೆ ಊರು ಬಿಟ್ಟ ಕಾರ್ಖಾನೆಗಳು, ಅವುಗಳ ಸಾಮಾನು ಈ ಊರಿನ ಗುಜರಿಗಳ ಮೂಲಕವೇ ಹಾದುಹೋಗಿದೆ. ಶೆಫೀಲ್ಡಿನ ರೆಕಾರ್ಡ್ ಕಂಪನಿಯ ವೈಸುಗಳನ್ನು ಕಾಕಾ ಹೆಸರು ಹಿಡಿದು ಹೊಗಳುತ್ತಿದ್ದರು. ಹಳೆಯದರಲ್ಲಿ ನೋಡಬೇಕಾದ್ದು ವೆಲ್ಡಿಂಗ್ ಗುರುತು. ಬೀಡನ್ನು ವೆಲ್ಡ್ ಮಾಡಿ ಉಳಿಸುವುದು ಬಲು ಕಷ್ಟ, ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ದಪ್ಪಗೆ ಹೊಸ ಬಣ್ಣ ಬಳಿದ ಹಳೇ ವೈಸ್ ಕಂಡರೆ ಮುಂದೆ ಹೋಗಿ. ತುಕ್ಕು ಹಿಡಿದದ್ದಾದರೂ ಪರವಾಗಿಲ್ಲ, ತುಕ್ಕು ಸುಳ್ಳು ಹೇಳುವುದಿಲ್ಲ.

ನಾವು ಕೊನೆಗೆ ತಗೊಂಡದ್ದು ಜಲಂಧರ್ ಮಾಲು. ನಾಲ್ಕಿಂಚು, ಎಸ್‌ಜಿ ಐರನ್, ತಿರುಗದ ಬೇಸ್, ಹನ್ನೊಂದು ಕೆಜಿ, 3,800 ರೂಪಾಯಿ. ಡೊಂಬಿವಲಿ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ಪಕ್ಕ ಕೂರಿಸಿಕೊಂಡು ತಂದೆವು. ಮನೆಯಾಕೆ ಬೆಲೆ ಕೇಳಿ, "ಈ ದುಡ್ಡಿಗೆ ನಲ್ಲಿ ರಿಪೇರಿಯವನು ಹತ್ತು ಸಲ ಬರ್ತಿದ್ದ" ಅಂದಳು. ಅವಳ ಲೆಕ್ಕವೂ ತಪ್ಪಲ್ಲ. ಆದರೆ ನನ್ನ ಲೆಕ್ಕ ನೋಡಿ. ಮೊದಲಿನ ಎರಡು ವೈಸಿಗೆ ಸೇರಿ 1,550 ರೂಪಾಯಿ, ಬಾಳಿದ್ದು ಮೂರು ವರ್ಷ, ವರ್ಷಕ್ಕೆ 516 ರೂಪಾಯಿ. ಈ ವೈಸಿಗೆ ಹದಿನಾಲ್ಕು ವರ್ಷವಾಯಿತು, ಬಿಕಾಂನಲ್ಲಿ ಕಲಿತ ನೇರ ರೇಖೆಯ ಸವಕಳಿ ಹಾಕಿದರೆ ವರ್ಷಕ್ಕೆ 271 ರೂಪಾಯಿ. ಅದೂ ಇಲ್ಲಿಗೇ ನಿಲ್ಲುವುದಿಲ್ಲ, ಪ್ರತಿ ವರ್ಷ ಇಳಿಯುತ್ತಾ ಹೋಗುತ್ತದೆ. ಅಗ್ಗದ್ದೇ ದುಬಾರಿ ಅನ್ನುವುದು ಗಾದೆಯಾಗಿ ಎಲ್ಲರಿಗೂ ಗೊತ್ತು. ಲೆಡ್ಜರಿನಲ್ಲಿ ಬರೆದು ನೋಡಿದಾಗಲೇ ಮನಸ್ಸಿಗೆ ನಾಟುವುದು.

ವೈಸ್ ತಂದರೆ ಕೆಲಸ ಮುಗಿಯಲಿಲ್ಲ. ಅದನ್ನು ಕೂರಿಸುವ ಬೆಂಚು ಅದರಷ್ಟೇ ಮುಖ್ಯ. ಮರದ ಸ್ಕ್ರೂ ಹೊಡೆದು ಕೂರಿಸಬೇಡಿ. ಹಲಗೆಯ ಆಚೆಗೂ ಹಾಯುವ ಬೋಲ್ಟ್, ಕೆಳಗೆ ಅಗಲವಾದ ವಾಷರ್. ಅಲುಗದ ದವಡೆಯ ಮುಖ ಬೆಂಚಿನ ಅಂಚಿಗಿಂತ ಒಂದು ಕೂದಲೆಳೆ ಹೊರಗೇ ಇರಲಿ, ಉದ್ದದ ಪೈಪನ್ನು ನೆಟ್ಟಗೆ ಕೆಳಗೆ ಇಳಿಬಿಟ್ಟು ಹಿಡಿಯಲು ಬರುತ್ತದೆ. ಎತ್ತರ ನಿಮ್ಮ ಮೊಣಕೈ ಮಟ್ಟಕ್ಕೆ. ಬೆಂಚಿನ ಕಾಲಿಗೆ ದಪ್ಪ ರಬ್ಬರ್ ಇಡಿ, ಇಲ್ಲದಿದ್ದರೆ ಕೆಳಗಿನ ಮನೆಯವರು ಸೊಸೈಟಿ ಮೀಟಿಂಗಿನಲ್ಲಿ ನಿಮ್ಮ ಹೆಸರು ಎತ್ತುತ್ತಾರೆ. ಮುಂಬಯಿ ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಸ್ಕ್ರೂ ಬಿಚ್ಚಿ, ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್‌ನಲ್ಲಾದರೂ ತೊಳೆದು, ಗ್ರೀಸ್ ಹಚ್ಚಿ. ದವಡೆಯ ಒಂದೇ ತುದಿಯಲ್ಲಿ ಏನಾದರೂ ಹಿಡಿಯುವುದಿದ್ದರೆ ಇನ್ನೊಂದು ತುದಿಗೂ ಅಷ್ಟೇ ದಪ್ಪದ ಚೂರು ಇಡಿ, ದವಡೆ ಸೊಟ್ಟ ಆಗುವುದಿಲ್ಲ. ಮಗಳು ಈಗ ಕಾಲೇಜು ಮುಗಿಸಿದ್ದಾಳೆ, ಅವಳಿಗೆ ಇದೆಲ್ಲ ಬಾಯಿಪಾಠ. ಹಿಡಿಕೆಗೆ ಪೈಪ್ ಹಾಕುವುದನ್ನು ಮಾತ್ರ ಅವಳು ನನಗೆ ಇವತ್ತಿಗೂ ಬಿಡುವುದಿಲ್ಲ.

ಎಲ್ಲರೂ ಹನ್ನೊಂದು ಕೆಜಿಯದ್ದೇ ತಗೊಳ್ಳಿ ಅಂತ ನಾನು ಹೇಳುತ್ತಿಲ್ಲ. ಗಡಿಯಾರ, ರೇಡಿಯೋ, ಸರ್ಕ್ಯೂಟ್ ಬೋರ್ಡ್ ರಿಪೇರಿ ಮಾಡುವವರಿಗೆ ಅಂಚಿಗೆ ಕಚ್ಚಿಸುವ ಪುಟ್ಟ ವೈಸ್ ಸಾಕು, ಅದೇ ಸರಿ. ಬಾಡಿಗೆ ಮನೆಯಲ್ಲಿ ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಾಯಿಸುವವರಿಗೆ ಬೆಂಚು, ಬೋಲ್ಟು ಅಂತ ಉಪದೇಶ ಮಾಡುವುದು ಅನ್ಯಾಯ. ನಾನು ಹೇಳುತ್ತಿರುವುದು ನನ್ನಂಥವರಿಗೆ. ಮನೆ ಕೊಂಡು, ಮಕ್ಕಳನ್ನು ಇಲ್ಲೇ ಓದಿಸಿ, ರೇಷನ್ ಕಾರ್ಡ್, ವೋಟು ಎಲ್ಲ ಇಲ್ಲೇ ಇಟ್ಟುಕೊಂಡು, ಇವತ್ತಿಗೂ ಸಾಮಾನು ಕೊಳ್ಳುವಾಗ ಮಾತ್ರ "ಹೇಗೂ ಊರಿಗೆ ಹೋಗ್ತೀವಲ್ಲ" ಅನ್ನುವವರಿಗೆ.

ಯೋಚಿಸಿ ನೋಡಿದರೆ ನನ್ನ ಮಗಳ ಮುಖದ ಎದುರು ಆ ಮೂರಿಂಚಿನ ಬೀಡನ್ನು ತಂದಿಟ್ಟದ್ದು ಬಡತನವಲ್ಲ. 2011ರಲ್ಲಿ 3,800 ರೂಪಾಯಿ ನನ್ನ ಹತ್ತಿರ ಇತ್ತು, 2009ರಲ್ಲೂ ಒಳ್ಳೆಯ ವೈಸಿಗೆ ಸಾಲುವಷ್ಟು ಇತ್ತು. ಇಲ್ಲದೇ ಇದ್ದದ್ದು ಇಲ್ಲೇ ಇರುತ್ತೇವೆ ಎಂದು ಒಪ್ಪಿಕೊಳ್ಳುವ ಮನಸ್ಸು. ಹದಿನಾರು ವರ್ಷ ಒಂದೇ ಊರಿನಲ್ಲಿದ್ದೂ, ಮುಂದಿನ ವರ್ಷ ಹೊರಡುವವನ ಹಾಗೆ ಹಗುರ ಸಾಮಾನು ಕೊಳ್ಳುತ್ತಿದ್ದೆ. ಹಾಗೆ ಕೊಂಡದ್ದರಿಂದ ಊರೇನೂ ಹತ್ತಿರ ಬರಲಿಲ್ಲ. ಇಲ್ಲಿನ ಮನೆ ಲೊಡಲೊಡ ಅನ್ನುತ್ತಿತ್ತು, ಅಷ್ಟೇ. ಊರಿನ ಮೇಲಿನ ಪ್ರೀತಿಗೂ ಅಗ್ಗದ ವೈಸಿಗೂ ಸಂಬಂಧವಿಲ್ಲ. ನಿವೃತ್ತಿಯಾದ ಮೇಲೆ ನಿಜವಾಗಿಯೂ ಹುಬ್ಬಳ್ಳಿಗೆ ಹೋದರೆ ನಾಲ್ಕು ಬೋಲ್ಟ್ ಬಿಚ್ಚುತ್ತೇನೆ, ಹನ್ನೊಂದು ಕೆಜಿ ಟೆಂಪೋಗೆ ಭಾರವೇನಲ್ಲ.

ದಾವಣಗೆರೆ ಹುಡುಗನಿಗೆ ಹೇಳಿದ್ದೇನೆ, ಮುಂದಿನ ರಜೆಯ ಶನಿವಾರ ಜೊತೆಗೆ ನಾಗದೇವಿಗೆ ಹೋಗೋಣ ಅಂತ. ಕಾಕಾ ಈಗಿಲ್ಲ. ಅವರ ಹಾಗೆ ಸದ್ದು ಕೇಳಿ ಹೇಳಲು ನನಗೆ ಬರುವುದಿಲ್ಲ. ತಳ ನೋಡಲು, ಕಾಗದದ ಚೂರು ಎಳೆಯಲು ಬರುತ್ತದೆ.

ನಿಮ್ಮ ಮನೆಯಲ್ಲಿ ವೈಸ್ ಇದ್ದರೆ ಇವತ್ತೇ ಒಮ್ಮೆ ತಲೆಕೆಳಗು ಮಾಡಿ ನೋಡಿ. ಪಕ್ಕದಲ್ಲಿ ಎಲ್ಲಾದರೂ ಒಂದು ಮೊಳ ಜಿಐ ಪೈಪ್ ಬಿದ್ದಿದ್ದರೆ, ದಯವಿಟ್ಟು ಗುಜರಿಗೆ ಹಾಕಿಬಿಡಿ.